ಹೆಸರು ಹೇಳದ ಮನೆಯಲ್ಲಿ ಇಂಗ್ಲಿಷ್ ಪಾಠ

ಕಲಿಪಾ ಮಾತಿಗೆ ನಿಂತರೆ ಕಿರ್ಗಿಜ್ ನಾಡಿನ ಕೊಚ್ಕೋರ್ ಸಂತೆಯ ಕುರಿ ದಲ್ಲಾಳಿಗಳೂ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದರು. ಅಂಥ ಘಟವಾಣಿ ಹೆಂಗಸು ತನ್ನದೇ ಮನೆಯ ದೊಡ್ಡ ಕೋಣೆಯಲ್ಲಿ, ತನ್ನದೇ ಸೊಸೆಯ ಎದುರು, ಬಾಯಿಗೆ ಬೀಗ ಜಡಿದುಕೊಂಡು ಕೂತಿದ್ದಳು. ತೊಡೆಯ ಮೇಲೆ ನೋಟುಬುಕ್ಕು, ಕೈಯಲ್ಲಿ ಮಗಳು ಸೆಜಿಮಳಿಂದ ಕಿತ್ತುಕೊಂಡ ನೀಲಿ ಪೆನ್ನು. ಪಕ್ಕದಲ್ಲಿ ಓಣಿಯ ಇನ್ನೂ ಐದು ಜನ ಹೆಂಗಸರು, ಅವರೂ ಹಾಗೇ. ಮಾರ್ಚಿನ ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುವುದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ.

"ಯಾರಾದ್ರೂ ಒಬ್ರು ಶುರು ಮಾಡಿ, ಎಜೆ," ಎಂದಳು ಬುರುಲ್. ಹಿರಿಯಕ್ಕಂದಿರನ್ನು ಕರೆಯುವ ಹಾಗೆಯೇ ಕರೆದಳು, ಧ್ವನಿ ಮಾತ್ರ ಅವಳಿಗೇ ಕೇಳಿಸಲಿಲ್ಲ.

ಬುರುಲ್ ಈ ಮನೆಗೆ ಸೊಸೆಯಾಗಿ ಬಂದು ಐದು ತಿಂಗಳಾಗಿತ್ತು. ನರಿನ್ ಪಟ್ಟಣದಲ್ಲಿ ಇಂಗ್ಲಿಷ್ ಓದಿದವಳು ಎಂಬ ಒಂದೇ ತಪ್ಪಿಗೆ ಅತಿಥಿ ಮನೆಗಳ ಸಂಘದವರು ಈ ಪಾಠವನ್ನು ಅವಳ ತಲೆಗೆ ಕಟ್ಟಿದ್ದರು. ಬೇಸಿಗೆ ಬಂತೆಂದರೆ ಮೇಲಿನ ಸರೋವರಕ್ಕೆ ಹೋಗುವ ವಿದೇಶಿಯರು ಈ ಕಿಜಿಲ್-ದೋಬೋ ಊರಲ್ಲಿ ಒಂದು ರಾತ್ರಿ ತಂಗುತ್ತಾರೆ. ಯಾರ ಮನೆಯಲ್ಲಿ ತಂಗಬೇಕು ಅನ್ನುವುದು ಸಂಘದ ಪಟ್ಟಿಯಲ್ಲಿರುತ್ತದೆ. ಪಟ್ಟಿಯಲ್ಲಿದ್ದ ಮನೆಗೆ ಆ ಮೂರು ತಿಂಗಳಲ್ಲೇ ಚಳಿಗಾಲದ ಹಿಟ್ಟು, ಕಲ್ಲಿದ್ದಲು ಎರಡೂ ಕೂಡಿಬರುತ್ತವೆ. ಹೋದ ಬೇಸಿಗೆಯ ನಡುವೆ ಕಲಿಪಾಳ ಮನೆಯನ್ನು ಪಟ್ಟಿಯಿಂದ ತೆಗೆದುಹಾಕಿದ್ದರು. ಈ ವರ್ಷದ ಮಾತು ಖಡಾಖಂಡಿತವಾಗಿತ್ತು: ಮೇ ತಿಂಗಳ ಕೊನೆಯ ಭಾನುವಾರ ಸಂಘದ ನಾಜಿರಾ ಬರುತ್ತಾಳೆ, ವಿದೇಶಿಯವರ ಹಾಗೆ ಊಟಕ್ಕೆ ಕೂತು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾಳೆ. ಮನೆಯೊಡತಿ ಬಾಯಿ ಬಿಟ್ಟರೆ ಪಟ್ಟಿಯಲ್ಲಿ ಜಾಗ. ಈ ಸಲವೂ ತಪ್ಪಿದರೆ ಮತ್ತೆ ಸೇರಿಸುವ ಮಾತೇ ಇಲ್ಲ. ಬುರುಲಳ ಗಂಡ ತಲಾಯ್ ಅತಿಥಿಗಳಿಗೆಂದೇ ಸಾಕಿದ ಎರಡು ಕುದುರೆಗಳನ್ನು ಆಗ ಮಾರಬೇಕಾಗುತ್ತಿತ್ತು.

ಹಾಗಾಗಿ ಬುರುಲ್ ಪುಸ್ತಕ ಹೇಗಿತ್ತೋ ಹಾಗೇ ಶುರು ಮಾಡಿದಳು. ಪುಸ್ತಕದಲ್ಲಿ ಮೊದಲ ಪಾಠ 'ನನ್ನ ಕುಟುಂಬ'. ಗಂಡನ ಹೆಸರು, ಮಾವನ ಹೆಸರು, ಗಂಡನ ಅಣ್ಣಂದಿರ ಹೆಸರು ಒಂದೊಂದಾಗಿ ಹೇಳಿ ಪರಿಚಯ ಮಾಡಿಕೊಡಬೇಕು. ಆರು ಜನ ಅದನ್ನು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದರು, ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟರು. ಬುರುಲ್ ಅದನ್ನು ಗಮನಿಸಲೇ ಇಲ್ಲ.

"ಮೊದ್ಲು ನೀನೇ ಹೇಳಿ ತೋರ್ಸು," ಎಂದಳು ಎದುರು ಮನೆಯ ಬಾಕ್ತಿಗುಲ್. ಮಾತು ವಿನಯದ್ದು, ಕಣ್ಣು ತುಂಟ.

"ಮೈ ನೇಮ್ ಈಸ್ ಬುರುಲ್. ಮೈ ಹಸ್ಬೆಂಡ್ಸ್ ನೇಮ್ ಈಸ್..."

ಅಲ್ಲಿಗೇ ನಿಂತಿತು. ಬಾಯಿ ತೆರೆದೇ ಇತ್ತು, ಹೆಸರು ಬರಲಿಲ್ಲ. ಈ ಕಡೆ ಸೊಸೆಯಾದವಳು ಗಂಡನ ಹೆಸರಾಗಲಿ, ಅವನ ಕಡೆಯ ಹಿರಿಯರ ಹೆಸರಾಗಲಿ ನಾಲಿಗೆಗೆ ತರುವಂತಿಲ್ಲ. ಪಟ್ಟಣಗಳಲ್ಲಿ ಈಗ ಇದನ್ನು ಯಾರೂ ಕೇಳುವುದಿಲ್ಲ, ಕಿಜಿಲ್-ದೋಬೋದಲ್ಲಿ ಕೇಳುತ್ತಾರೆ. ಕಲಿಪಾಳ ಗಂಡ ತೀರಿಕೊಂಡಿದ್ದ, ಮಾವ ಬೈತೆಮಿರ್ ಅಜ್ಜ ಮಾತ್ರ ಎಂಬತ್ತೇಳರಲ್ಲೂ ಗಟ್ಟಿಮುಟ್ಟಾಗಿ ಇದೇ ಮನೆಯಲ್ಲಿದ್ದ. ಅವನ ಹೆಸರಿನಲ್ಲಿ ಕಬ್ಬಿಣ ಎಂಬ ಅರ್ಥದ ಮಾತಿದೆಯೆಂದು ಕಲಿಪಾ ನಲವತ್ತು ವರ್ಷದಿಂದ ಕಬ್ಬಿಣಕ್ಕೆ 'ಗಟ್ಟಿಯದು' ಎನ್ನುತ್ತಿದ್ದಳು. ಸಂತೆಯಲ್ಲಿ 'ಗಟ್ಟಿಯದರ ಬಾಂಡ್ಲಿ ಎಷ್ಟಪ್ಪಾ' ಎಂದು ಕೇಳಿದರೆ ಅಂಗಡಿಯವನಿಗೆ ತಿಳಿಯುತ್ತಿತ್ತು.

ಹೆಂಗಸರು ಬಾಯಿಗೆ ಸೆರಗಿನಂತೆ ತಲೆವಸ್ತ್ರ ಅಡ್ಡ ಹಿಡಿದು ನಕ್ಕರು. ಕಲಿಪಾ ನಗಲಿಲ್ಲ. ನೋಟುಬುಕ್ಕು ಮುಚ್ಚಿ ಎದ್ದಳು.

"ಚಹಾ ಆರ್ತಾ ಇದೆ. ಪಾಠ ಸಾಕು."

ಸಂಜೆ ಊಟಕ್ಕೆ ಲಗ್‌ಮನ್ ಬಡಿಸುವಾಗ ಸಿಡಿಲು ಬಡಿಯಿತು. ಅಜ್ಜ ತನ್ನ ಜಾಗದಲ್ಲಿ, ಗೋಡೆಗೆ ಒರಗಿಸಿದ ಹಾಸಿಗೆಗಳ ಮುಂದೆ, ಶಾವಿಗೆಯನ್ನು ನಿಧಾನವಾಗಿ ಸುತ್ತಿ ತಿನ್ನುತ್ತಿದ್ದ. ಅವನ ಕಿವಿ ಸ್ವಲ್ಪ ಮಂದ, ಬೇಕಾದ್ದು ಮಾತ್ರ ಕೇಳಿಸುತ್ತಿತ್ತು.

"ಎಂಥಾ ಪುಸ್ತಕ ಅದು? ಹೆಂಗಸ್ರನ್ನ ಕೂರಿಸ್ಕೊಂಡು ಹಿರಿಯರ ಹೆಸರು ಹೇಳಿ ಹೇಳಿ ಅನ್ನುತ್ತಲ್ಲ!" ಕಲಿಪಾಳ ಸೌಟು ಬಟ್ಟಲಿಗೆ ಟಣ್ ಎಂದು ಬಡಿಯಿತು. "ಅದೂ ನನ್ನ ಮನೇಲಿ!"

"ಆಪಾ, ನನಗೆ ಹೊಳೀಲಿಲ್ಲ," ಎಂದಳು ಬುರುಲ್, ಅಮ್ಮನನ್ನು ಕರೆಯುವ ಹಾಗೆ.

"ಹೊಳೀಲಿಲ್ವಾ? ನಿನ್ನ ಬಾಯೇ ಕಟ್ಟಿಹೋಯ್ತು, ಆವಾಗ್ಲೂ ಹೊಳೀಲಿಲ್ವಾ?"

"ಇಂಗ್ಲಿಷಲ್ಲಿ ಹೇಳಿದ್ರೆ ಲೆಕ್ಕಕ್ಕಿಲ್ಲ, ಆಪಾ," ತಲಾಯ್ ಮಧ್ಯೆ ಬಾಯಿ ಹಾಕಿದ. "ಬೇರೆ ದೇಶದ ಮಾತು ಅದು."

"ಹೆಸರು ಯಾವ ದೇಶದ್ದೋ? ನಿನ್ನ ಹೆಸರು ಲಂಡನ್ನಿಗೆ ಹೋದ್ರೆ ಜಾನ್ ಅಂತ ಆಗುತ್ತಾ?"

ಹದಿನಾರರ ಸೆಜಿಮ್‌ಗೆ ಇಷ್ಟೇ ಸಾಕಾಯಿತು. "ಬೈತೆಮಿರ್, ಬೈತೆಮಿರ್!" ಎಂದು ಮೆಲ್ಲಗೆ ರಾಗವಾಗಿ ಹಾಡಿ ಚಾವಣಿ ನೋಡಿದಳು. "ಬೀಳ್ಲಿಲ್ಲ."

ಕಲಿಪಾ ಪಾತ್ರೆ ಒರೆಸುವ ಬಟ್ಟೆಯಿಂದ ಅವಳ ಭುಜಕ್ಕೆ ಬಾರಿಸಿದಳು. "ನೀನು ಈ ಮನೆ ಮಗಳು, ನಿನಗೇನು! ನಾಳೆ ಇನ್ನೊಂದು ಮನೆ ಹೊಸಿಲು ತುಳೀತೀಯಲ್ಲ, ಆಗ ನೋಡ್ತೀನಿ ನಿನ್ನ ಹಾಡು."

ಅಜ್ಜ ತಲೆಯೆತ್ತಿ, "ಮೆಣಸು ಕಮ್ಮಿಯಾಗಿದೆ," ಎಂದ. ಜಗಳ ಅಲ್ಲಿಗೆ ತಾತ್ಕಾಲಿಕವಾಗಿ ನಿಂತಿತು.

ಎರಡನೆಯ ವಾರ ಬುರುಲ್ ಹೆಸರಿನ ತಂಟೆಗೇ ಹೋಗಲಿಲ್ಲ. ಹಣ್ಣು, ತರಕಾರಿ, ಬಣ್ಣ, ಹವಾಮಾನ ಎಲ್ಲ ತಂದಳು. ಹೆಂಗಸರು ಬರೆದರು, ಅಂಡರ್‌ಲೈನ್ ಹಾಕಿದರು, ಬಾಯಿ ಬಿಡಲಿಲ್ಲ. ಬಿಟ್ಟರೆ ತಪ್ಪಾಗುತ್ತದೆ. ಮಗಳ ವಯಸ್ಸಿನ ಸೊಸೆಯ ಮುಂದೆ ತಪ್ಪಾಗುವುದೆಂದರೆ ಓಣಿಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ಬುರುಲಳ ಕಷ್ಟವೂ ಅಷ್ಟೇ. ಅತ್ತೆಯ ವಯಸ್ಸಿನವರಿಗೆ 'ಅದು ತಪ್ಪು' ಎನ್ನಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ. ತುರ್ಸುನಾಯ್ ಎಂಬ ನಾಚಿಕೆಯ ಹೆಂಗಸು ಒಮ್ಮೆ 'ಆಪಲ್' ಎಂದು ಉಸುರಿ, ಹೇಳಬಾರದ್ದು ಹೇಳಿದವಳ ಹಾಗೆ ಕೆಂಪಾಗಿ, ಇಡೀ ವಾರ ಪಾಠಕ್ಕೆ ಬರಲಿಲ್ಲ. ಹಸು ಕರೆಯಲು ಕೂತಾಗ ಬುರುಲಳಿಗೆ ಅಳುವೇ ಬಂತು. ಇದೆಲ್ಲ ನನ್ನಿಂದ ಆಗುವ ಮಾತಲ್ಲ, ಸಂಘಕ್ಕೆ ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಳು.

ಹೇಳುವ ಮೊದಲೇ ಬಾಕ್ತಿಗುಲ್ ಮನೆಯಲ್ಲಿ ಮೊಮ್ಮಗನ ತೊಟ್ಟಿಲ ಔತಣ ಬಂತು. ಪಾಠಕ್ಕೆ ರಜೆ. ಓಣಿಯ ಹೆಂಗಸರೆಲ್ಲ ಬೆಳಿಗ್ಗೆಯೇ ಅವಳ ಅಡುಗೆಮನೆಯಲ್ಲಿ ಸೇರಿ ಬೊರ್ಸೋಕ್ ಕರಿಯಲು ಕೂತರು. ಇನ್ನೂರು ಜನಕ್ಕೆ ಆಗುವಷ್ಟು ಹಿಟ್ಟು ನಾದಿ, ಲಟ್ಟಿಸಿ, ಬೆರಳಗಲ ಕತ್ತರಿಸಿ, ಕುದಿಯುವ ಎಣ್ಣೆಗೆ ಬಿಡುವ ಕೆಲಸ. ಓಣಿಗೆ ಹೊಸ ಸೊಸೆ ಬುರುಲ್ ಒಬ್ಬಳೇ. ಹೊಸ ಸೊಸೆ ಇರುವುದೇ ಓಡಾಡುವುದಕ್ಕೆ.

"ಬುರುಲ್, ಹಿಟ್ಟು ತಗೊಂಬಾ!"

"ಬುರುಲ್, ಆ ಬಾಂಡ್ಲಿ ಈ ಕಡೆ!"

"ಎಲ್ಲಿ ಹೋದ್ಲು ಇವಳು? ನೀರು ಕೇಳಿ ಎಷ್ಟೊತ್ತಾಯ್ತು!"

"ಬೆಂಕಿ ನೋಡೇ ಹುಡುಗಿ, ಬೆಂಕಿ!"

ಆರು ಬಾಯಿಂದ ಆರು ಹುಕುಂ. ಪಾಠದ ಕೋಣೆಯಲ್ಲಿ ಕಲ್ಲಾಗಿ ಕೂರುವ ಹೆಂಗಸರು ಇವರೇನಾ ಎಂದು ಬುರುಲಳಿಗೆ ಅನಿಸಿತು. ತುರ್ಸುನಾಯ್ ಕೂಡ ಗಂಟಲು ಬಿಚ್ಚಿ ಕೂಗುತ್ತಿದ್ದಳು! ಎಲ್ಲರಿಗೂ ಕೈ ತುಂಬ ಹಿಟ್ಟು, ಒಬ್ಬರಿಗೂ ನಾಚಿಕೆ ಇಲ್ಲ. ಸೊಸೆಗೆ ಕೆಲಸ ಹೇಳಲು ಯಾರಿಗೆ ನಾಚಿಕೆ? ನೀರಿನ ಬಕೆಟ್ಟು ಹಿಡಿದು ಬಾಗಿಲಲ್ಲಿ ಬಂದವಳು ಹಾಗೇ ನಿಂತುಬಿಟ್ಟಳು.

"ಎಜೆ," ಎಂದಳು. "ಇವತ್ತು ನನ್ನ ಕಿರ್ಗಿಜ್ ಕಿವಿ ಕೆಟ್ಟಿದೆ. ಇಂಗ್ಲಿಷ್ ಕಿವಿ ಮಾತ್ರ ಕೇಳಿಸ್ತಿದೆ."

ಲಟ್ಟಣಿಗೆಗಳು ನಿಂತವು.

"ಏನಂದ್ಲು?"

"ತಲೆ ಕೆಟ್ಟಿದೆಯೇನೇ? ಎಣ್ಣೆ ಹೊಗೆಯಾಡ್ತಿದೆ, ಉರಿ ಕಮ್ಮಿ ಮಾಡು!"

ಬುರುಲ್ ಕದಲಲಿಲ್ಲ. ಎಣ್ಣೆಯ ಮೇಲೆ ನೀಲಿ ಹೊಗೆ ಎದ್ದಿತು. ಹತ್ತು ಬೊರ್ಸೋಕ್ ಕಂದು ಬಣ್ಣ ದಾಟಿ ಕಪ್ಪಿಗೆ ತಿರುಗುತ್ತಿದ್ದವು. ಎಲ್ಲರ ಕಣ್ಣೂ ಕಲಿಪಾಳ ಕಡೆ ಹೊರಳಿತು. ಅವಳ ಸೊಸೆ, ಅವಳೇ ಬುದ್ಧಿ ಹೇಳಬೇಕು. ಕಲಿಪಾ ಜಾಲರಿ ಸೌಟು ಎತ್ತಿ ಹಿಡಿದು ಎದ್ದು ನಿಂತಳು. ಹೊಡೆದೇಬಿಡುತ್ತಾಳೆ ಎಂದುಕೊಂಡಳು ಬುರುಲ್.

"ಬುರುಲ್!" ಕಲಿಪಾಳ ಕತ್ತಿನ ನರ ಉಬ್ಬಿತು. "ಬುರುಲ್! ಫೈರ್! ಫೈರ್... ಸ್ಮಾಲ್! ಸ್ಮಾಲ್ ಫೈರ್! ಕ್ವಿಕ್!"

ಬುರುಲ್ ಬಕೆಟ್ಟು ಅಲ್ಲೇ ಇಟ್ಟು ಒಲೆಗೆ ಹಾರಿದಳು. ಉರಿಯುತ್ತಿದ್ದ ಎರಡು ಕೊರಡು ಎಳೆದುಹಾಕಿದಳು. ಎಣ್ಣೆ ಬುಸುಗುಟ್ಟುವುದು ಇಳಿಯಿತು. ಆಮೇಲೆ ಬಾಕ್ತಿಗುಲ್ ಎರಡೂ ಕೈಯ ಹಿಟ್ಟನ್ನು ತೊಡೆಗೆ ಬಡಿದುಕೊಂಡು, "ಅಯ್ಯೋ, ಕೇಳಿಸ್ತು! ಕಲಿಪಾ ಹೇಳಿದ್ದು ಇವಳಿಗೆ ಕೇಳಿಸ್ತು ಕಣ್ರೇ!" ಎಂದು ಕಿರುಚಿದಳು.

ಆಮೇಲೆ ತಡೆಯುವವರು ಯಾರು! "ಬುರುಲ್, ವಾಟರ್!" "ಬುರುಲ್, ಸಾಲ್ಟ್!" "ನೋ, ನೋ, ಬಿಗ್! ಬಿಗ್ ಒನ್!" ಬುರುಲ್ ಯಾರಿಗೂ ತಪ್ಪು ಎನ್ನಲಿಲ್ಲ. ಅವರು ಏನು ಹೇಳಿದರೋ ಅದನ್ನೇ ಮಾಡಿದಳು. ಬಾಕ್ತಿಗುಲ್ 'ಓಪನ್ ಡೋರ್' ಎನ್ನಬೇಕಾದಲ್ಲಿ 'ಓಪನ್ ಮಿಲ್ಕ್' ಎಂದಳು, ಬುರುಲ್ ಗಂಭೀರವಾಗಿ ಹೋಗಿ ಹಾಲಿನ ಕ್ಯಾನಿನ ಮುಚ್ಚಳ ತೆಗೆದಳು. "ಮಿಲ್ಕ್ ಅಲ್ವೇ ದಡ್ಡೀ!" ಎಂದು ಬಾಕ್ತಿಗುಲ್ ತನ್ನನ್ನೇ ಬೈದುಕೊಂಡು ಸರಿಯಾದ ಮಾತು ಹುಡುಕಿ ತೆಗೆದಳು. ಕೊನೆಗೆ ತುರ್ಸುನಾಯ್ ಮೂಲೆಯಿಂದ ಸಣ್ಣ ದನಿಯಲ್ಲಿ, "ಬುರುಲ್, ಪ್ಲೀಸ್, ಗಿವ್ ಮೀ ಆಪಲ್," ಎಂದಳು. ಮನೆಯಲ್ಲಿ ಎಲ್ಲೂ ಸೇಬಿರಲಿಲ್ಲ. ಬುರುಲ್ ಕೆಸರಿನಲ್ಲಿ ಅಂಗಡಿಯವರೆಗೆ ಓಡಿ ಒಂದು ಸೇಬು ತಂದು ಅವಳ ಕೈಗಿಟ್ಟಳು. ತುರ್ಸುನಾಯ್ ಅದನ್ನು ತಿನ್ನಲಿಲ್ಲ, ಜೇಬಿಗೆ ಹಾಕಿಕೊಂಡು ಮನೆಗೆ ಒಯ್ದಳು.

ಏಪ್ರಿಲ್ ತಿಂಗಳಿಡೀ ಬುರುಲ್ ಓಡಿದಳು. ಪಾಠದ ಕೋಣೆಗೆ ಬೀಗ ಬಿತ್ತು, ಪಾಠ ಓಣಿಗೆ ಬಂತು. ಬೇಲಿಯಾಚೆಯಿಂದ, ಕೊಟ್ಟಿಗೆಯಿಂದ, ಮೇವಿನ ಅಟ್ಟದ ಮೇಲಿಂದ "ಬುರುಲ್! ಕಮ್!" ಎಂದು ಕೂಗು. ಹೋದರೆ ಒಂದು ಕಾರ್ಪೆಟ್ಟು ಕೊಡವಬೇಕು, ಇಲ್ಲವೇ ಕೆನೆ ಕಡೆಯಬೇಕು, ಅದೂ ಅವರು ಇಂಗ್ಲಿಷಿನಲ್ಲಿ ಹೇಳಿದಷ್ಟೇ. 'ಸ್ಟಾಪ್' ಎನ್ನಲು ಮರೆತರೆ ಕಡೆಯುತ್ತಲೇ ಇರುತ್ತಿದ್ದಳು. ಒಂದು ದಿನ ಬಾಕ್ತಿಗುಲಳ ಕೆನೆ ಹಾಗೇ ಕಡೆದು ಕಡೆದು ಬೆಣ್ಣೆಯಾಗಿಹೋಯಿತು. ಅಂದಿನಿಂದ ಓಣಿಯಲ್ಲಿ ಯಾರೂ 'ಸ್ಟಾಪ್' ಮರೆಯಲಿಲ್ಲ.

"ನನ್ನ ಹೆಂಡ್ತೀನ ಇಡೀ ಓಣಿ ಕುಣಿಸ್ತಿದೆ," ಎಂದು ತಲಾಯ್ ಗೊಣಗಿದ. "ನಾನು ಒಂದು ಲೋಟ ಚಹಾ ಕೇಳಿದ್ರೆ ಇಲ್ಲ."

"ಇಂಗ್ಲಿಷಲ್ಲಿ ಕೇಳು, ಸಿಗುತ್ತೆ," ಎಂದಳು ಕಲಿಪಾ. ಸೊಸೆಯ ಪರವಾಗಿ ಅವಳು ಆಡಿದ ಮೊದಲ ಮಾತು ಅದು. ಹಸು ಕರೆಯುತ್ತಿದ್ದ ಬುರುಲ್ ಹಸುವಿನ ಹೊಟ್ಟೆಗೆ ಹಣೆ ಒತ್ತಿ ನಕ್ಕಳು. ಕಾಲು ಬಾತಿತ್ತು, ಕೈ ಒಡೆದಿತ್ತು, ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ.

ಮೇ ತಿಂಗಳ ಎರಡನೇ ವಾರ ಸಂಘದಿಂದ ಒಂದು ಹಾಳೆ ಬಂತು. ಪರೀಕ್ಷೆಯಲ್ಲಿ ಏನೇನಿರುತ್ತದೆ ಎಂದು ಅದರಲ್ಲಿತ್ತು. ಸ್ವಾಗತ, ಊಟ, ಹಾಸಿಗೆ, ದಾರಿ. ಮತ್ತು ಮನೆಯೊಡತಿಯೇ ಊಟಕ್ಕೆ ಕೂತ ಮನೆಮಂದಿಯನ್ನೆಲ್ಲ ಹೆಸರು ಹೇಳಿ ಪರಿಚಯಿಸಬೇಕು. ಬುರುಲ್ ಓದಿ ಹೇಳುತ್ತಿದ್ದಂತೆ ಕಲಿಪಾ ಕೈಯಲ್ಲಿದ್ದ ಬ್ರೆಡ್ಡನ್ನು ಮೇಜುಬಟ್ಟೆಯ ಮೇಲಿಟ್ಟಳು.

"ಆಗಲ್ಲ."

"ಆಪಾ, ಒಂದೇ ಒಂದು ವಾಕ್ಯ."

"ಆಗಲ್ಲ ಅಂದೆನಲ್ಲ. ಹೋದ ವರ್ಷ ಆಗಿದ್ದೂ ಇದೇ."

ಅಂದು ಮೊದಲ ಸಲ ಬುರುಲಳಿಗೆ ಪೂರ್ತಿ ಸಂಗತಿ ಗೊತ್ತಾಯಿತು. ಹೋದ ಬೇಸಿಗೆಯಲ್ಲಿ ಬಂದಿದ್ದ ಗಂಡಹೆಂಡತಿ ಅತಿಥಿಗಳಿಗೆ ಬೈತೆಮಿರ್ ಅಜ್ಜನನ್ನು ಕಂಡು ಬಹಳ ಖುಷಿಯಾಗಿತ್ತು. ಅಜ್ಜನ ಹೆಸರೇನು ಎಂದು ಕಲಿಪಾಳನ್ನು ಸನ್ನೆಯಲ್ಲಿ, ಮುರುಕು ರಷ್ಯನ್ನಿನಲ್ಲಿ ಮತ್ತೆ ಮತ್ತೆ ಕೇಳಿದ್ದರು. ಆಗ ಸೆಜಿಮ್ ಸಂತೆಯಲ್ಲಿ, ತಲಾಯ್ ಬೆಟ್ಟದಲ್ಲಿ. ಕಲಿಪಾ ತಲೆ ತಗ್ಗಿಸಿಕೊಂಡು ಕೋಣೆಯಿಂದ ಹೊರಗೆ ಹೋಗಿದ್ದಳು. ಅವರು ಸಂಘಕ್ಕೆ ಬರೆದ ಕಾಗದದಲ್ಲಿ ಊಟ ಚೆನ್ನಾಗಿತ್ತು, ಆದರೆ ಮನೆಯೊಡತಿಗೆ ನಾವು ಬಂದದ್ದು ಇಷ್ಟವಿರಲಿಲ್ಲ, ಆ ಮುದುಕರ ಬಗ್ಗೆ ಕೇಳಿದರೆ ಸಿಟ್ಟಾಗಿ ಎದ್ದುಹೋದರು ಎಂದಿತ್ತು.

"ಸಿಟ್ಟು!" ಕಲಿಪಾಳ ಕಣ್ಣು ತುಂಬಿತು. "ಮೂರು ಥರ ಜಾಮ್ ಇಟ್ಟಿದ್ದೆ ಕಣೇ ಅವರಿಗೆ."

"ಹೆಸರು ಬಿಟ್ಟು ಬೇರೆ ಏನಾದ್ರೂ ಅನ್ನಿ," ಎಂದ ತಲಾಯ್. "ಓಲ್ಡ್ ಮ್ಯಾನ್ ಅನ್ನಿ."

"ಹಂಗಂದ್ರೆ?"

"ವಯಸ್ಸಾದ ಗಂಡಸು ಅಂತ."

"ಮುದುಕ ಅಂತಾನಾ? ನನ್ನ ಮಾವನ್ನ ಅವರ ಎದುರಿಗೇ ಮುದುಕ ಅಂತ ಕರೀಬೇಕಾ ನಾನು? ನಿನಗೆ ಬುದ್ಧಿ ಇಲ್ವೇನೋ!"

"ಅತಾನ್ನೇ ಒಂದು ಮಾತು ಕೇಳಿಬಿಡೋಣ," ಎಂದಳು ಸೆಜಿಮ್. ಅಜ್ಜನನ್ನು ಮನೆಯಲ್ಲಿ ಎಲ್ಲರೂ ಅತಾ ಎನ್ನುತ್ತಿದ್ದರು.

"ಏನಂತ ಕೇಳೋದು? ನಿಮ್ಮ ಹೆಸರು ಹೇಳ್ಲಾ ಅಂತ ಕೇಳೋದೂ ಒಂದೇ, ಹೇಳೋದೂ ಒಂದೇ. ಬೇಡ. ಪಟ್ಟೀನೂ ಬೇಡ, ಅತಿಥಿಗಳೂ ಬೇಡ. ಕುದುರೆ ಮಾರು."

ತಲಾಯ್ ಬಟ್ಟಲು ಪಕ್ಕಕ್ಕೆ ಸರಿಸಿ ಹೊರಗೆ ಹೋದ. ಬುರುಲಳಿಗೆ ಎಲ್ಲಿಂದ ಧೈರ್ಯ ಬಂತೋ, ಐದಾರು ವಾರ ಬೈಗುಳ, ಹುಕುಂ ಎಲ್ಲ ಇಂಗ್ಲಿಷಿನಲ್ಲಿ ಕೇಳಿ ಕೇಳಿ ಭಯವೇ ಸವೆದುಹೋಗಿತ್ತೋ, ಅತ್ತೆಯ ಎದುರು ಮೊದಲ ಸಲ ದನಿ ಏರಿಸಿದಳು.

"ನೀವು ಮರ್ಯಾದೆ ಕೊಟ್ರಿ, ಆಪಾ. ಅದು ನಿಮಗೆ ಗೊತ್ತು, ನನಗೆ ಗೊತ್ತು. ಆದ್ರೆ ಆ ಜನ ಏನಂದ್ಕೊಂಡು ಹೋದ್ರು? ಈ ಮನೇಲಿ ಆ ಹಿರಿಯರನ್ನ ಕಂಡ್ರೆ ಆಗಲ್ಲ ಅಂದ್ಕೊಂಡು ಹೋದ್ರು. ಅದು ಕಾಗದದಲ್ಲಿ ಬರೆದು ಉಳೀತು. ಅತಾಗೆ ಅದಕ್ಕಿಂತ ಅವಮಾನ ಬೇರೆ ಇದೆಯಾ?"

ಸೆಜಿಮ್ ಬಾಯಿಯಲ್ಲಿದ್ದ ಬ್ರೆಡ್ಡು ಅಗಿಯುವುದನ್ನೇ ಬಿಟ್ಟಳು. ಕಲಿಪಾ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮೇಜುಬಟ್ಟೆ ಮಡಚಿದಳು.

ಆಮೇಲೆ ಹತ್ತು ದಿನ ಮನೆಯಲ್ಲಿ ಹಿಟ್ಟು, ಹಾಲು, ಸಗಣಿ ಇಷ್ಟರದ್ದೇ ಮಾತು. ಕಲಿಪಾ ಬೇರೆಲ್ಲ ಪಾಠ ಒಪ್ಪಿಸುತ್ತಿದ್ದಳು. ಸ್ವಾಗತ ಹೇಳುತ್ತಿದ್ದಳು, ಹಾಸಿಗೆ ತೋರಿಸುತ್ತಿದ್ದಳು, ಸರೋವರದ ದಾರಿ ಎಡ ಬಲ ಸಮೇತ ಹೇಳುತ್ತಿದ್ದಳು. ಹೆಸರಿನ ಜಾಗ ಬಂದಾಗ ಒಲೆಗೆ ಕಟ್ಟಿಗೆ ಇಡಲು ಏಳುತ್ತಿದ್ದಳು. ಬುರುಲ್ ಒತ್ತಾಯ ಮಾಡಲಿಲ್ಲ. ತಲಾಯ್ ಒಬ್ಬ ಕುದುರೆ ವ್ಯಾಪಾರಿಗೆ ಫೋನು ಮಾಡಿ, ಸೋಮವಾರ ಬಂದು ನೋಡಲು ಹೇಳಿದ.

ಭಾನುವಾರ ಬಿಸಿಲು ಚೆನ್ನಾಗಿತ್ತು. ನಾಜಿರಾ ಕಪ್ಪು ಕನ್ನಡಕ, ಬೆನ್ನಿಗೊಂದು ಚೀಲ ಹಾಕಿಕೊಂಡು ಥೇಟ್ ವಿದೇಶಿ ಪ್ರವಾಸಿಯ ವೇಷದಲ್ಲಿ ಓಣಿಯ ಆ ತುದಿಯಿಂದ ಬಂದಳು. ಸುದ್ದಿ ಅವಳಿಗಿಂತ ಮುಂಚೆ ಬಂತು. ಸೆಜಿಮ್ ಬೇಲಿ ಹತ್ತಿ ಕೂತು ವರದಿ ಒಪ್ಪಿಸುತ್ತಿದ್ದಳು.

"ತುರ್ಸುನಾಯ್ ಎಜೆ ಪಾಸು! ನಾಜಿರಾಗೆ ನಾಲ್ಕು ಸಲ 'ಈಟ್, ಈಟ್' ಅಂದಿದಾರೆ! ಬಾಕ್ತಿಗುಲ್ ಎಜೆನೂ ಪಾಸು! ಕಣ್ಣು ಮುಚ್ಕೊಂಡು, ಚಹಾದ ಸಮಾವರ್ ಕಡೆ ತಿರುಗ್ಕೊಂಡು ಗಂಡನ ಹೆಸರು ಒದರಿಬಿಟ್ರಂತೆ! ಮಾವ ತೀರಿಕೊಂಡಿದಾರಲ್ಲ, ಅವರನ್ನ ಪರಿಚಯ ಮಾಡ್ಕೊಡೋ ತೊಂದ್ರೆನೇ ಇರ್ಲಿಲ್ಲ."

ಪಾಸಾದವರೆಲ್ಲ ಈಗ ಕಲಿಪಾಳ ಅಂಗಳದಲ್ಲಿ ಸೇರಿದರು. ಕಿಟಕಿಗೆ ಮುಖ ಒತ್ತಿ ನಿಂತರು.

ಒಳಗೆ ಮೇಜುಬಟ್ಟೆಯ ಮೇಲೆ ತಿಂಡಿಯ ರಾಶಿ. ಬೊರ್ಸೋಕ್, ಕೆನೆ, ಮೂರು ಥರದ ಜಾಮ್. ಬೈತೆಮಿರ್ ಅಜ್ಜ ಬಿಳಿ ಉಣ್ಣೆಯ ಟೋಪಿ ಹಾಕಿಕೊಂಡು ತನ್ನ ಜಾಗದಲ್ಲಿದ್ದ. ಬುರುಲ್ ಸಮಾವರಿನ ಪಕ್ಕ ಕೂತು ಬಟ್ಟಲಿಗೆ ಅರ್ಧರ್ಧ ಚಹಾ ಬಗ್ಗಿಸುತ್ತಿದ್ದಳು. ಕಲಿಪಾ ಸ್ವಾಗತ ಹೇಳಿದಳು. ಊಟ ಹೇಳಿದಳು. ಹಾಸಿಗೆ ಮೆತ್ತಗಿದೆ, ಮೇಲೆ ಸರೋವರದಲ್ಲಿ ಚಳಿ ಇದೆ, ಬೆಚ್ಚನೆ ಬಟ್ಟೆ ತಗೊಳ್ಳಿ ಎಂದಳು. ನಾಜಿರಾ ತಲೆದೂಗಿ ಬರೆದುಕೊಂಡಳು. ಆಮೇಲೆ ಪೆನ್ನಿನಿಂದ ಅಜ್ಜನ ಕಡೆ ತೋರಿಸಿ, ನಗುತ್ತ, ಇವರು ಯಾರು, ಇವರ ಹೆಸರೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಕಲಿಪಾ ಒಲೆಯ ಕಡೆ ನೋಡಿದಳು. ಏಳುತ್ತಾಳೆ ಎಂದುಕೊಂಡಳು ಬುರುಲ್. ಏಳಲಿಲ್ಲ. ತೊಡೆಯ ಮೇಲಿದ್ದ ಎರಡೂ ಕೈ ಮುಷ್ಟಿಯಾಯಿತು.

"ಹಿ ಈಸ್ ಮೈ ಫಾದರ್-ಇನ್-ಲಾ," ಎಂದಳು. "ಹಿಸ್ ನೇಮ್ ಈಸ್..." ತುಟಿ ಅಲ್ಲಾಡಿತು.

"ಸಾರಿ?" ನಾಜಿರಾ ಮುಂದಕ್ಕೆ ಬಾಗಿದಳು.

"ಹಿಸ್ ನೇಮ್ ಈಸ್," ಕಲಿಪಾ ಉಸಿರು ಎಳೆದುಕೊಂಡಳು, ಸಂತೆಯಲ್ಲಿ ಕೂಗುವ ಆ ದನಿಯಲ್ಲಿ, ಕಿಟಕಿ ಗಾಜು ಅದುರುವ ಹಾಗೆ ಹೇಳಿದಳು, "ಬೈತೆಮಿರ್!"

ಕಿಟಕಿಯಾಚೆ ಬಾಕ್ತಿಗುಲ್ "ಅಯ್ಯಮ್ಮಾ" ಎಂದದ್ದು ಕೇಳಿಸಿತು. ಅಜ್ಜನ ಕೈಯಲ್ಲಿದ್ದ ಬಟ್ಟಲು ಬಾಯಿಯ ಹತ್ತಿರವೇ ನಿಂತಿತು. ಅವನು ಅದನ್ನು ಕೆಳಗಿಟ್ಟು ಬಾಗಿಲ ಕಡೆ ನೋಡಿದ.

"ಯಾರದು?" ಎಂದ. "ಯಾರು ಕರೆದಿದ್ದು ನನ್ನ?"

ಅಜ್ಜನನ್ನು ಹೆಸರು ಹಿಡಿದು ಕರೆಯುತ್ತಿದ್ದ ಸಮವಯಸ್ಕರಲ್ಲಿ ಕೊನೆಯವನು ಸತ್ತು ಆರು ವರ್ಷವಾಗಿತ್ತು. ಕಲಿಪಾಳ ಮುಖದಲ್ಲಿ ರಕ್ತವಿರಲಿಲ್ಲ.

"ನಾನು, ಅತಾ," ಎಂದಳು ಕಿರ್ಗಿಜಿನಲ್ಲಿ. "ತಪ್ಪಾಯ್ತು. ಅತಿಥಿ ಕೇಳಿದ್ರು, ನೀವು ಯಾರು ಅಂತ."

ಅಜ್ಜ ಸೊಸೆಯನ್ನು ನೋಡಿದ, ಕನ್ನಡಕದ ನಾಜಿರಾಳನ್ನು ನೋಡಿದ. ಟೋಪಿ ಸರಿಮಾಡಿಕೊಂಡ, ಬೆನ್ನು ನೆಟ್ಟಗೆ ಮಾಡಿದ.

"ಬರೀ ಅಷ್ಟಂದ್ರೆ ಅವರಿಗೆ ಏನು ಗೊತ್ತಾಗುತ್ತೆ?" ಎಂದ. "ಊರಲ್ಲಿ ಬೈತೆಮಿರ್ ಇನ್ನೂ ಇಬ್ಬರಿದ್ರು. ಯಾರ ಮಗ ಅಂತ ಹೇಳು. ಪೂರ್ತಿ ಹೇಳು, ಏಳು ತಲೆಮಾರು."

"ಅತಾ..."

"ಹೇಳು ಅಂದೆ. ನಾನು ಹೇಳ್ಕೊಡ್ತೀನಿ. ಕಾಸಿಮ್."

ಕಲಿಪಾ ನಾಜಿರಾಳ ಕಡೆ ತಿರುಗಿದಳು. "ಹಿಸ್ ಫಾದರ್ಸ್ ನೇಮ್ ಈಸ್ ಕಾಸಿಮ್," ಎಂದಳು. ದನಿ ನಡುಗಿತು.

"ಮೆದೆರ್," ಎಂದ ಅಜ್ಜ.

"ಹಿಸ್ ಫಾದರ್ಸ್ ನೇಮ್ ಈಸ್ ಮೆದೆರ್." ದನಿ ಗಟ್ಟಿಯಾಯಿತು.

"ಬೈಗಾಜಿ."

"ಹಿಸ್ ಫಾದರ್ಸ್ ನೇಮ್ ಈಸ್ ಬೈಗಾಜಿ!"

ಅಜ್ಜ ನಾಲ್ಕನೆಯದಕ್ಕೆ ಬಾಯಿ ತೆರೆದ. ಹೆಸರು ಬರಲಿಲ್ಲ. ಮೇಜುಬಟ್ಟೆಯ ಮೇಲೆ ಬೆರಳಿಂದ ಎಣಿಸಿ ಮತ್ತೆ ಮೊದಲಿಂದ ಬಂದ, ಕಾಸಿಮ್, ಮೆದೆರ್, ಬೈಗಾಜಿ, ಅಲ್ಲಿಗೇ ಬಂದು ನಿಂತ. ಅವನ ಮುಖದಲ್ಲಿ ಗಾಬರಿ ಕಾಣಿಸಿತು. ತಲಾಯ್ ತಲೆ ತಗ್ಗಿಸಿದ, ಅವನಿಗೂ ಅಲ್ಲಿಂದಾಚೆ ಗೊತ್ತಿರಲಿಲ್ಲ. ಸೆಜಿಮ್ ಅಣ್ಣನ ಮುಖ ನೋಡಿದಳು.

"ಹಿಸ್ ಫಾದರ್ಸ್ ನೇಮ್," ಎಂದಳು ಕಲಿಪಾ, ಯಾರೂ ಹೇಳಿಕೊಡದೆ, ಒಂದು ಕ್ಷಣವೂ ತಡೆಯದೆ, "ಈಸ್ ಚೊಂಕೊಯ್."

"ಚೊಂಕೊಯ್!" ಅಜ್ಜ ತೊಡೆ ತಟ್ಟಿದ. "ಹೌದು, ಚೊಂಕೊಯ್! ನಿನಗೆ ಹೆಂಗೆ ಗೊತ್ತು?"

"ನಲವತ್ತು ವರ್ಷ ನಿಮ್ಮ ಬಟ್ಟಲಿಗೆ ಚಹಾ ಹಾಕಿದೀನಿ, ಅತಾ. ನೀವು ಬಂದೋರಿಗೆಲ್ಲ ಹೇಳ್ತಿದ್ರಿ. ನಾನು ಕೇಳಿಸ್ಕೊಳ್ತಿದ್ದೆ."

ಅವಳು ಐದನೆಯ ಹೆಸರನ್ನೂ ಹೇಳಿದಳು. ಕಿಟಕಿಯಾಚೆಯ ಹೆಂಗಸರು ಈಗ ಪ್ರತಿ ಹೆಸರಿಗೂ ಹೋ ಎನ್ನುತ್ತಿದ್ದರು. ಬುರುಲ್ ಚಹಾ ಬಗ್ಗಿಸುವುದು ಮರೆತು ಅಳುತ್ತ ನಗುತ್ತಿದ್ದಳು. ನಾಜಿರಾ ಕನ್ನಡಕ ತೆಗೆದು, ಪುಸ್ತಕ ಮುಚ್ಚಿ, ಪಾತ್ರ ಬಿಟ್ಟು ಕಿರ್ಗಿಜಿನಲ್ಲೇ ಮಾತಾಡಿದಳು.

"ಸಾಕು, ಕಲಿಪಾ ಎಜೆ, ಸಾಕು! ನಿಮ್ಮ ಮನೆ ಪಟ್ಟಿಗೆ ಸೇರ್ತು. ನಾನಿನ್ನು ಬರ್ತೀನಿ."

ಕಲಿಪಾ ಅವಳ ತೋಳು ಹಿಡಿದು ಕೂರಿಸಿದಳು.

"ಎಲ್ಲಿಗೆ ಹೋಗ್ತೀಯಾ, ಕೂತ್ಕೋ," ಎಂದಳು. "ಇನ್ನೂ ಇಬ್ರು ಬಾಕಿ ಇದಾರೆ."